ಎಂಟು ಸಲ 71.3

ಬೆಂಗಳೂರು, 14 ನವೆಂಬರ್ 2024, ಗುರುವಾರ, ರಾತ್ರಿ 11.20

ಮಂಗಳವಾರ ಬೆಳಗಿನ ಜಾವ ಗ್ರಾಹಕರ ಡೇಟಾಬೇಸ್ ಸರ್ವರ್ ನಿಂತುಹೋದ ಪ್ರಕರಣದ ವರದಿ ಇಂದು ಮಧ್ಯಾಹ್ನದ ಸಭೆಗೆ ಬಂತು. ‘ಕಾರಣ’ ಎಂಬ ಕಲಮಿನಲ್ಲಿ ‘ರಾತ್ರಿ ಪಾಳಿಯ ಸಿಬ್ಬಂದಿ ಡ್ಯಾಶ್‌ಬೋರ್ಡನ್ನು ಗಮನಿಸಿಲ್ಲ’ ಎಂದು ಬರೆದಿತ್ತು. ಆ ಡ್ಯಾಶ್‌ಬೋರ್ಡ್ ಮಾಡಿದವಳು ನಾನು; ಸರ್ವರುಗಳ ಸ್ಥಿತಿಯನ್ನು ಅಂಕಿಗಳಲ್ಲೂ ಬಣ್ಣಗಳಲ್ಲೂ ತೋರಿಸುವ ಪರದೆ ಅದು, ಹಸಿರೆಂದರೆ ಸರಿ. ಆಕ್ಷೇಪ ಎತ್ತಲು ಬೇಕಾದ ವಿವರ ಆಗ ನನ್ನ ಕೈಯಲ್ಲಿ ಇರಲಿಲ್ಲವಾದ್ದರಿಂದ ಸುಮ್ಮನೆ ಕುಳಿತೆ. ಆದರೆ ಆ ಒಂದು ಸಾಲು ಸಂಜೆಯವರೆಗೂ ಚುಚ್ಚುತ್ತಲೇ ಇತ್ತು. ಆರು ಗಂಟೆಗೆ ಮನೆಗೆ ಹೊರಡಬೇಕಾದವಳು ರಾತ್ರಿ ಪಾಳಿಯ ಹುಡುಗ ಬರುವವರೆಗೆ ಕಾದೆ.

ಹಾಸನದ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಏಳು ತಿಂಗಳಾಗಿದೆ. ಎಂಟು ಗಂಟೆಗೆ ಬಂದವನು ನನ್ನನ್ನು ಕಂಡ ಕೂಡಲೇ ಎದ್ದು ನಿಂತ. ಸೋಮವಾರ ರಾತ್ರಿ ಏನಾಯಿತೆಂದು ಮೊದಲಿನಿಂದ ಹೇಳಪ್ಪ ಎಂದೆ. ಅವನು ಏನೂ ಹೇಳದೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಸ್ಕೇಲು ಹಿಡಿದು ಎಳೆದ ಗೆರೆಗಳು, ಎಡಗಡೆ ಸರ್ವರುಗಳ ಹೆಸರು, ಮೇಲೆ ಅರ್ಧ ಗಂಟೆಗೊಂದರಂತೆ ಸಮಯ. ಯಾರೂ ಅವನಿಗೆ ಬರೆದಿಡಲು ಹೇಳಿರಲಿಲ್ಲ. ಆ ಡೇಟಾಬೇಸ್ ಸರ್ವರಿನ ಸಾಲಿನಲ್ಲಿ ಡಿಸ್ಕ್ ಬಳಕೆ ಹನ್ನೆರಡೂವರೆಗೆ ಶೇಕಡಾ 70.2, ಒಂದಕ್ಕೆ 70.6, ಒಂದೂವರೆಗೆ 71.1. ಎರಡು ಗಂಟೆಗೆ 71.3. ಅಲ್ಲಿಂದ ಐದೂವರೆಯವರೆಗೆ ಎಂಟು ಮನೆಗಳಲ್ಲಿ ಅದೇ 71.3, ಒಂದೇ ನೀಲಿ ಪೆನ್ನಿನಲ್ಲಿ, ಕೊನೆಕೊನೆಗೆ ಪೆನ್ನನ್ನು ಸ್ವಲ್ಪ ಒತ್ತಿ ಬರೆದಂತೆ.

“ಮೂರೂವರೆಗೆ ಅನುಮಾನ ಬಂತು ಮೇಡಂ. ಅಷ್ಟಿಷ್ಟು ಏರುತ್ತಿದ್ದದ್ದು ಒಂದೇ ಕಡೆ ನಿಂತುಬಿಟ್ಟಿದೆಯಲ್ಲ ಅಂತ. ನಿಮಗೆ ಹೇಳೋಣವೆಂದು ಫೋನ್ ಕೈಗೆ ತೆಗೆದುಕೊಂಡೆ. ಆದರೆ ಹಸಿರಿತ್ತಲ್ಲ. ಹಸಿರಿರುವಾಗ ಅಷ್ಟು ಹೊತ್ತಿನಲ್ಲಿ ಎಬ್ಬಿಸಿದರೆ ಏನಂದುಕೊಳ್ಳುತ್ತೀರೋ ಅಂತ ಇಟ್ಟುಬಿಟ್ಟೆ.”

ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ: “ಮೇಡಂ, ಹಸಿರು ಅಂದರೆ ಈಗ ಸರಿಯಾಗಿದೆ ಅಂತಲೋ, ಯಾವಾಗಲೋ ಒಮ್ಮೆ ಸರಿಯಾಗಿತ್ತು ಅಂತಲೋ?”

ಹದಿನೇಳು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಈ ಪರದೆಗಳನ್ನು ಕಟ್ಟುವ ತಂತ್ರಾಂಶ ಗ್ರಾಫಾನಾದಲ್ಲಿ ಆ ಡಿಸ್ಕ್ ಬಳಕೆಯ ಪ್ಯಾನೆಲ್‌ ತೆರೆದು ತೋರಿಸಿದೆ. ಅದು ದೊಡ್ಡ ಅಂಕಿಯೊಂದನ್ನು ಬಣ್ಣದ ಹಿನ್ನೆಲೆಯಲ್ಲಿ ತೋರಿಸುವ ಬಗೆಯ ಪ್ಯಾನೆಲ್. ಆಯ್ದ ಅವಧಿಯ ಹಲವಾರು ಅಳತೆಗಳಲ್ಲಿ ಯಾವುದನ್ನು ತೋರಿಸಬೇಕೆಂಬ ಕಡೆ ‘ಖಾಲಿಯಲ್ಲದ ಕೊನೆಯ ಮೌಲ್ಯ’ ಎಂಬ ಆಯ್ಕೆ ತಾನಾಗಿಯೇ ಬಂದಿರುತ್ತದೆ, ನಾನು ಅದನ್ನು ಬದಲಿಸಿರಲಿಲ್ಲ. ನಮ್ಮ ಪರದೆಯ ಅವಧಿ ಆರು ಗಂಟೆ. ಹೀಗಾಗಿ ಸರ್ವರಿನಿಂದ ಅಳತೆ ಬರುವುದು ನಿಂತರೂ, ಕೊನೆಯದಾಗಿ ಬಂದ ಅಂಕಿ ಆರು ಗಂಟೆಯ ಕಾಲ ಅಲ್ಲೇ, ತನ್ನ ಹಸಿರಿನೊಂದಿಗೆ ಕುಳಿತಿರುತ್ತದೆ. ಸೋಮವಾರ ನಡೆದದ್ದು ಇದೇ. ಪೂರ್ವನಿಗದಿತ ನೆಟ್‌ವರ್ಕ್ ಕೆಲಸದಲ್ಲಿ 1.40ಕ್ಕೆ ಫೈರ್‌ವಾಲ್ ನಿಯಮವೊಂದು ಬದಲಾಗಿ, ಸರ್ವರಿನ ಅಳತೆಗಳನ್ನು ಹೊರಗೆ ಕೊಡುವ ನೋಡ್ ಎಕ್ಸ್‌ಪೋರ್ಟರ್ ಮಾತಾಡುವ 9100ನೆಯ ಪೋರ್ಟ್ ಮುಚ್ಚಿಹೋಯಿತು. ಮೂರು ಗಂಟೆಗೆ ಬ್ಯಾಕಪ್ ಶುರುವಾಗಿ ಅದೇ ಡಿಸ್ಕನ್ನು ತುಂಬತೊಡಗಿತು. 5.20ರ ಹೊತ್ತಿಗೆ ಡಿಸ್ಕ್ ಪೂರ್ತಿ ತುಂಬಿ ಡೇಟಾಬೇಸ್ ನಿಂತಿತು. ಆ ಗ್ರಾಹಕರ ಔಷಧ ಗೋದಾಮಿನಲ್ಲಿ ಬಿಲ್ಲು ಮುದ್ರಣವಾಗದೆ ಲಾರಿಗಳು ಸಾಲುಗಟ್ಟಿ ನಿಂತವು.

ಅಲರ್ಟ್ ಏಕೆ ಬರಲಿಲ್ಲ ಎಂಬುದಕ್ಕೂ ಉತ್ತರ ಇಷ್ಟೇ ಸರಳವಾಗಿದೆ. ಬಳಕೆ 85 ದಾಟಿದರೆ ಎಚ್ಚರಿಸು ಎಂಬುದು ಅಳತೆಗಳನ್ನು ಸಂಗ್ರಹಿಸುವ ತಂತ್ರಾಂಶ ಪ್ರೊಮೀಥಿಯಸ್‌ನಲ್ಲಿ ನಾವು ಬರೆದ ನಿಯಮ; ಅಳತೆಯೇ ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ, ನಿಯಮ ಸುಮ್ಮನಿರುತ್ತದೆ. ಸರ್ವರ್ ಮಾತಾಡುತ್ತಿಲ್ಲ ಎಂದು ಹೇಳುವ ‘ಅಪ್’ ಎಂಬ ಅಳತೆ 1.40ಕ್ಕೇ ಸೊನ್ನೆಗೆ ಇಳಿದಿತ್ತು. ಆದರೆ ನೆಟ್‌ವರ್ಕ್ ಕೆಲಸವಿದೆಯೆಂದು ಆ ಸರ್ವರಿನ ಎಲ್ಲ ಅಲರ್ಟುಗಳನ್ನೂ ಬೆಳಗಿನ ಆರರವರೆಗೆ ಸೈಲೆನ್ಸ್ ಮಾಡಿದ್ದೆವು. ಅಂದರೆ ಆ ರಾತ್ರಿ ಉಳಿದಿದ್ದ ಕಣ್ಣು ಈ ಹುಡುಗನದೊಂದೇ. ಅದು ಕಂಡದ್ದನ್ನು ನನ್ನ ಹಸಿರು ಬಣ್ಣ ಸುಮ್ಮನಾಗಿಸಿತು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಇದು ಹೊಸ ಪಾಠವೇನೂ ಅಲ್ಲ ಎಂಬುದು. ನಾನು ಕೆಲಸ ಕಲಿತದ್ದು ಸರ್ವರುಗಳನ್ನು ಕಾಯುವ ಹಳೆಯ ತಂತ್ರಾಂಶ ನಾಗಿಯೋಸ್‌ನಲ್ಲಿ. ಅಲ್ಲಿ ಪ್ರತಿ ತಪಾಸಣೆಗೂ ನಾಲ್ಕು ಉತ್ತರಗಳಿದ್ದವು: 0 ಎಂದರೆ ಸರಿ, 1 ಎಂದರೆ ಎಚ್ಚರಿಕೆ, 2 ಎಂದರೆ ಗಂಭೀರ, 3 ಎಂದರೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ಪರದೆಯ ಮೇಲೆ ಅದರದೇ ಆದ ಕಿತ್ತಳೆ ಬಣ್ಣವಿತ್ತು. ಇನ್ನು 1999ರಲ್ಲಿ ಟೋಬಿಯಾಸ್ ಒಯೆಟಿಕರ್ ಹೊರತಂದ, ಅಳತೆಗಳನ್ನು ದಾಖಲಿಸಿ ರೇಖಾಚಿತ್ರ ಬಿಡಿಸುವ ಆರ್‌ಆರ್‌ಡಿಟೂಲ್‌ನಲ್ಲಿ ‘ಹಾರ್ಟ್‌ಬೀಟ್’ ಎಂಬ ಒಂದು ಅಂಕಿ ಕೊಡಬೇಕು. ಅಷ್ಟು ಸೆಕೆಂಡುಗಳೊಳಗೆ ಹೊಸ ಅಳತೆ ಬರದಿದ್ದರೆ ಅದು ‘ಅಜ್ಞಾತ’ ಎಂದು ದಾಖಲಿಸಿ, ರೇಖಾಚಿತ್ರದಲ್ಲಿ ಆ ಜಾಗವನ್ನು ಖಾಲಿ ಬಿಡುತ್ತದೆ. ಆ ಬೋಳು ಜಾಗಗಳು ಆಗ ನಮಗೆ ಕುರೂಪವಾಗಿ ಕಾಣುತ್ತಿದ್ದವು. ಗ್ರಾಫಾನಾ ಬಂದ ಮೇಲೆ ಎಷ್ಟು ಚೆಂದದ ಪರದೆಗಳನ್ನು ಎಷ್ಟು ಬೇಗ ಕಟ್ಟಬಹುದೆಂಬ ಸಂತೋಷದಲ್ಲಿ, ಗೆರೆ ತುಂಡಾದ ಕಡೆ ಎರಡು ತುದಿಗಳನ್ನು ಜೋಡಿಸಿಬಿಡುವ ಆಯ್ಕೆಯನ್ನೂ ನಾನು ಎಷ್ಟೋ ಪ್ಯಾನೆಲ್‌ಗಳಲ್ಲಿ ಒತ್ತಿದ್ದೇನೆ. ಗ್ರಾಹಕರ ಮುಂದೆ ತೋರಿಸುವಾಗ ಗೆರೆ ಅಖಂಡವಾಗಿರಲಿ ಎಂಬುದೊಂದೇ ಅದಕ್ಕೆ ಕಾರಣವಾಗಿತ್ತು. ಅದು ತಪ್ಪು. ಪ್ರೊಮೀಥಿಯಸ್ ಆ ಸರಣಿ ಮುಗಿಯಿತೆಂದು ಪ್ರಾಮಾಣಿಕವಾಗಿಯೇ ಗುರುತು ಹಾಕಿತ್ತು, ಆ ಗುರುತನ್ನು ನೋಡುವವರಿಗೆ ತಲುಪಿಸಬೇಕಾದ ಚಿತ್ರದಲ್ಲಿ ನಾನು ಅದಕ್ಕೆ ಜಾಗ ಇಟ್ಟಿರಲಿಲ್ಲ.

ಅಲ್ಲೇ ಕುಳಿತು ತಿದ್ದಿದೆವು. ಅವಧಿಯ ಬದಲು ಈ ಕ್ಷಣದ ಮೌಲ್ಯವನ್ನಷ್ಟೇ ಕೇಳುವಂತೆ ಕ್ವೆರಿಯನ್ನು, ಅಂದರೆ ಪ್ಯಾನೆಲ್ ಕೇಳುವ ಪ್ರಶ್ನೆಯನ್ನು, ಬದಲಿಸಿದೆ. ಒಂಟಿ ಪ್ಯಾನೆಲ್‌ಗಳಲ್ಲಿ ಮೌಲ್ಯ ಇಲ್ಲದಿದ್ದರೆ ಗಾಢ ಬೂದು ಬಣ್ಣದಲ್ಲಿ ‘ಅಳತೆ ಬರುತ್ತಿಲ್ಲ’ ಎಂದು ಕನ್ನಡದಲ್ಲೇ ಬರುವಂತೆ ಮಾಡಿದೆ. ಪರೀಕ್ಷೆಗೆಂದು ಒಂದು ಸರ್ವರಿನ ಎಕ್ಸ್‌ಪೋರ್ಟರ್ ನಿಲ್ಲಿಸಿದಾಗ ಬೂದು ಬಣ್ಣ ಬಂತು. ಹುಡುಗ ನಕ್ಕ, ಈ ವಾರದಲ್ಲಿ ಮೊದಲ ಸಲವಿರಬೇಕು. ವರದಿಯ ಆ ಸಾಲನ್ನು ತೆಗೆದುಹಾಕುವಂತೆ ಅಲ್ಲಿಂದಲೇ ಮೇಲ್ ಬರೆದು, ಅವನ ಪುಟದ ಫೋಟೊವನ್ನೂ ಲಗತ್ತಿಸಿದೆ. ಉತ್ತರ ಇನ್ನೂ ಬಂದಿಲ್ಲ.

ಆಮೇಲೆ, ಸಿಲ್ಕ್ ಬೋರ್ಡ್ ಬಳಿ ಬಸ್ಸು ನಿಂತಿದ್ದಾಗ, ಎದೆ ಧಸಕ್ಕೆಂದಿತು. ಒಂಟಿ ಪ್ಯಾನೆಲ್‌ಗಳೇನೋ ಸರಿಯಾದವು. ಆದರೆ ಎಲ್ಲ ಸರ್ವರುಗಳನ್ನು ಸಾಲಾಗಿ ತೋರಿಸುವ ಕೋಷ್ಟಕದಲ್ಲಿ ಈ ಕ್ಷಣದ ಮೌಲ್ಯ ಇಲ್ಲದ ಸರ್ವರಿಗೆ ಬೂದು ಬಣ್ಣವೂ ಬರುವುದಿಲ್ಲ, ಅದರ ಸಾಲೇ ಮಾಯವಾಗುತ್ತದೆ. ನಲವತ್ತು ಚಿಲ್ಲರೆ ಸಾಲುಗಳಲ್ಲಿ ಒಂದು ಕಡಿಮೆಯಾದರೆ ಬೆಳಗಿನ ಜಾವ ಯಾರು ಎಣಿಸುತ್ತಾರೆ? ಹಳೆಯ ತಪ್ಪಿಗಿಂತ ಇದು ಕೆಟ್ಟದ್ದು. ಮನೆ ತಲುಪಿ, ಊಟವನ್ನೂ ಮಾಡದೆ, ಕೋಷ್ಟಕದ ಹೆಸರುಗಳನ್ನು ‘ಅಪ್’ ಅಳತೆಯಿಂದ ತೆಗೆದುಕೊಂಡು ಅದಕ್ಕೆ ಡಿಸ್ಕಿನ ಅಂಕಿಯನ್ನು ಜೋಡಿಸಿದೆ. ಸರ್ವರ್ ಮಾತಾಡದಿದ್ದರೂ ‘ಅಪ್’ ಸೊನ್ನೆಯಾಗಿ ಉಳಿಯುವುದರಿಂದ ಹೆಸರು ಕದಲದೆ ಇರುತ್ತದೆ.

ಆದರೆ ಆ ಹೆಸರಾದರೂ ಬರುವುದು ನಾವು ಕೈಯಾರೆ ಬರೆದಿಟ್ಟ ಪಟ್ಟಿಯಿಂದ. ಪಟ್ಟಿಗೇ ಸೇರದ ಯಂತ್ರಕ್ಕೆ ಸೊನ್ನೆಯೂ ಇಲ್ಲ. ಈಗಷ್ಟೇ ಹುಡುಗನ ಪುಟದ ಫೋಟೊ ದೊಡ್ಡದು ಮಾಡಿ ಎಡಗಡೆಯ ಹೆಸರುಗಳನ್ನು ಎರಡು ಸಲ ಎಣಿಸಿದೆ. ಅವನು ಅವನ್ನು ಹಿಂದಿನ ಪಾಳಿಯವರು ಒಪ್ಪಿಸಿಹೋದ ಹಳೆಯ ಕಾಗದದಿಂದ ಇಳಿಸಿಕೊಂಡದ್ದಂತೆ. ಅವನಲ್ಲಿ 42 ಇವೆ, ನನ್ನ ಕೋಷ್ಟಕದಲ್ಲಿ 41. ಆ ಒಂದು ಹೆಸರು ಫೋಟೊದಲ್ಲಿ ಮಡಿಕೆಯ ಮೇಲೆ ಬಂದು ಸರಿಯಾಗಿ ಓದಲಾಗುತ್ತಿಲ್ಲ, ಅವನಿಗೆ ಈಗಲೇ ಫೋನ್ ಮಾಡಿ