ಪಿಕಪ್ ಹತ್ತಿದ ಮಾವನ ಬೈಕುಗಳು

ಮಲ್ಲೇಶ್ವರದ ಹಳೇ ಮನೆ ಬಿಲ್ಡರ್ ಕೈಗೆ ಹೋಗುವುದು ನಿಕ್ಕಿಯಾಗಿ, ಮಾವನ ಸಾಮಾನೆಲ್ಲ ಕೆಂಗೇರಿ ಸೇರಿತ್ತು. ಉಳಿದದ್ದು ಷೆಡ್ಡಿನಲ್ಲಿದ್ದ ಬುಲೆಟ್ ಮತ್ತು ಯೆಜ್ಡಿ. ಎರಡೂ ಸ್ಟಾರ್ಟ್ ಆಗುತ್ತಿದ್ದವು. ಆದರೆ ಇನ್ಶೂರೆನ್ಸ್ ಮುಗಿದಿತ್ತು, ಟೈರುಗಳು ಬಿರುಕು ಬಿಟ್ಟಿದ್ದವು. "ಓಡಿಸ್ಕೊಂಡು ಹೋಗೋದು ಬೇಡ ಕಣೋ, ಒಂದು ಗಾಡಿ ಮಾತಾಡು" ಅಂದರು ಮಾವ.

ಪ್ಯಾಕರ್ಸ್‌ನವರನ್ನು ಕರೆಯಲು ನನಗೇ ಮನಸ್ಸಿರಲಿಲ್ಲ. ಹಿಂದೊಮ್ಮೆ ಹುಬ್ಬಳ್ಳಿಯಿಂದ ನನ್ನ ಬೈಕು ಮದುಮಗಳ ಹಾಗೆ ಸಿಂಗರಿಸಿಕೊಂಡು ಬಂದಿತ್ತು. ಮೇಲೆ ರಟ್ಟು, ಅದರ ಕೆಳಗೆ ಬಬಲ್ ಕವರ್. ಬಿಚ್ಚಿದರೆ ಕ್ಲಚ್ ಲಿವರ್ ಮುರಿದಿತ್ತು, ಹ್ಯಾಂಡಲ್ ಒಂದು ಕಡೆ ವಾಲಿತ್ತು. ಪೇಂಟಿಗೆ ಮಾತ್ರ ಒಂದು ಗೀರೂ ಇಲ್ಲ! ಯೆಜ್ಡಿಗೆ ಹಾಗಾದರೆ ಕಷ್ಟ. ಮೈಸೂರಿನ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತದ್ದು 1996ರಲ್ಲಿ. ಅಂದಿನ ಒರಿಜಿನಲ್ ಬಿಡಿಭಾಗಕ್ಕೆ ಈಗ ಹಳೇ ಮೆಕ್ಯಾನಿಕ್‌ಗಳ ಬಾಗಿಲು ತಟ್ಟಬೇಕು.

ಟಾಟಾ ಏಸ್ ಬಾಡಿಗೆ ಕಮ್ಮಿ, ನಿಜ. ಆದರೆ ಅದರ ಬಾಡಿ ಏಳು ಅಡಿ ಚಿಲ್ಲರೆ, ಬುಲೆಟ್ಟೇ ಏಳು ಅಡಿ. ಎರಡು ಬೈಕನ್ನು ಸರಿಸಮ ನಿಲ್ಲಿಸಿದರೆ ಹ್ಯಾಂಡಲ್‌ಗೆ ಹ್ಯಾಂಡಲ್ ತಗುಲುತ್ತದೆ. ಒಂದನ್ನು ಸ್ವಲ್ಪ ಹಿಂದೆ ಸರಿಸಬೇಕು, ಏಸ್‌ನಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಬೊಲೆರೊ ಪಿಕಪ್ ಹೇಳಿದೆ.

ಮನೆ ಮುಂದಿನ ಇಳಿಜಾರಿಗೆ ಡ್ರೈವರ್ ಗಾಡಿಯ ಹಿಂಭಾಗ ತಂದು ಒರಗಿಸಿದ. ಹಲಗೆಯ ಏರು ಅರ್ಧಕ್ಕರ್ಧ ಕಮ್ಮಿಯಾಯಿತು. ಆಗಲೇ ಆಳು ಗಟ್ಟಿಗ ಅನ್ನಿಸಿತು. ಇಬ್ಬರು ತಳ್ಳಿ, ಮೇಲೊಬ್ಬ ಹ್ಯಾಂಡಲ್ ಹಿಡಿದು, 180 ಕೆ.ಜಿ. ಆಸುಪಾಸಿನ ಬುಲೆಟ್ ಸದ್ದಿಲ್ಲದೆ ಹತ್ತಿತು. ಮುಂದಿನ ಚಕ್ರ ಕ್ಯಾಬಿನ್ ಹಿಂದಿನ ತಗಡಿಗೆ ತಾಗಿ ನಿಂತಿತು. ಬ್ರೇಕ್ ಹೊಡೆದಾಗ ಮುಂದಕ್ಕೆ ನುಗ್ಗಲು ಜಾಗವೇ ಇರಬಾರದಲ್ಲ.

ಜಗಳ ಶುರುವಾದದ್ದು ಅಲ್ಲಿಂದ. ಅವನು ಸೈಡ್ ಸ್ಟ್ಯಾಂಡ್ ಇಳಿಸಿದ. "ಸ್ಟ್ಯಾಂಡ್ ಹಾಕಿ ಎರಡು ಸುತ್ತು ಹಗ್ಗ ಬಿಗಿದ್ರೆ ಮೈಸೂರಿಗೇ ಹೋಗ್ಬಹುದು ಸಾರ್."

"ಬೇಡಣ್ಣ, ಸ್ಟ್ಯಾಂಡ್ ಎತ್ತು" ಅಂದೆ. ಸ್ಟ್ಯಾಂಡ್ ಮೇಲೆ ವಾಲಿದ ಬೈಕನ್ನು ಬಿಗಿದಷ್ಟೂ ಭಾರವೆಲ್ಲ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಗುಂಡಿಗೊಮ್ಮೆ ಕುಕ್ಕಿದರೆ ಅದನ್ನು ಹಿಡಿದ ಪಿನ್ನು ಬಾಗುತ್ತದೆ, ಇಲ್ಲವೇ ಬೆಸುಗೆ ಬಿಡುತ್ತದೆ. ಬೈಕು ಎರಡು ಚಕ್ರದ ಮೇಲೆ ನೆಟ್ಟಗೆ ನಿಂತು, ಎರಡೂ ಕಡೆಯಿಂದ ಸಮನಾಗಿ ಕೆಳಕ್ಕೆ ಎಳೆಸಿಕೊಳ್ಳಬೇಕು.

ಎಸ್‌ಜೆಪಿ ರೋಡಿನಿಂದ ತಂದ ರ್‍ಯಾಚೆಟ್ ಬೆಲ್ಟ್, ಅಂದರೆ ಹಿಡಿ ಆಡಿಸಿದಷ್ಟೂ ಟಕಟಕ ಅಂತ ಬಿಗಿಯಾಗುವ ಪಟ್ಟಿಗಳು, ಚೀಲದಲ್ಲಿದ್ದವು. ಹ್ಯಾಂಡಲ್ ತುದಿಗೆ ಕೊಕ್ಕೆ ಹಾಕಿದರೆ ಹ್ಯಾಂಡಲ್ ತಿರುಚುತ್ತದೆ, ಕೇಬಲ್ ನಜ್ಜಾಗುತ್ತದೆ. ಅದಕ್ಕೆ ಕೆಳಗೆ, ಮುಂದಿನ ಚಕ್ರದ ಎರಡು ಫೋರ್ಕನ್ನೂ ಹಿಡಿದಿರುವ ದಪ್ಪ ಕಬ್ಬಿಣಕ್ಕೆ ಹಳೇ ಟವೆಲ್ ಸುತ್ತಿ ಅಲ್ಲಿಂದ ಬೆಲ್ಟ್ ಇಳಿಬಿಟ್ಟೆ. ಎಡಕ್ಕೊಂದು, ಬಲಕ್ಕೊಂದು, ಓರೆಯಾಗಿ ಮುಂದಿನ ಮೂಲೆಗಳಿಗೆ. ಒಂದು ಕಡೆ ನಾಲ್ಕು ಟಕಟಕ, ಇನ್ನೊಂದು ಕಡೆ ನಾಲ್ಕು. ಮಾವ ಬಗ್ಗಿ ಫೋರ್ಕ್ ನೋಡುತ್ತಿದ್ದರು. ಹೊಳೆಯುವ ಪೈಪು ಬೆರಳಗಲದಷ್ಟು ಬೆರಳಗಲದಷ್ಟು ಒಳಗಿಳಿಯಿತು. ಅರ್ಧಕ್ಕೆ ಬಂದಾಗ "ಸಾಕು, ಇನ್ನು ಅದುಮಿದ್ರೆ ಆಯಿಲ್ ಸೀಲ್ ಹೋಗುತ್ತೆ" ಅಂದರು.

"ಇಷ್ಟೊಂದು ಯಾಕೆ ಅದುಮೋದು?" ಡ್ರೈವರ್ ಅನುಮಾನ. ಹಂಪ್ ಮೇಲೆ ಗಾಡಿ ಕುಕ್ಕಿದಾಗ ಫೋರ್ಕ್ ಕುಗ್ಗುತ್ತದೆ. ಸುಮ್ಮನೆ ಕಟ್ಟಿದ ಬೆಲ್ಟ್ ಆ ಕ್ಷಣ ಸಡಿಲಾಗಿ ಕೊಕ್ಕೆ ಜಾರುತ್ತದೆ. ಮೊದಲೇ ಅದುಮಿಟ್ಟರೆ ಒಳಗಿನ ಸ್ಪ್ರಿಂಗ್ ಸದಾ ಮೇಲಕ್ಕೆ ಒತ್ತುತ್ತ ಬೆಲ್ಟನ್ನು ಬಿಗಿಯಾಗಿಯೇ ಇಟ್ಟಿರುತ್ತದೆ. ಅವನು ಬೈಕನ್ನು ಒಮ್ಮೆ ಅಲ್ಲಾಡಿಸಿದ. ಬೈಕು ಅಲ್ಲಾಡಲಿಲ್ಲ, ಪಿಕಪ್ ಅಲ್ಲಾಡಿತು. ಮಾತು ಅಲ್ಲಿಗೆ ನಿಂತಿತು.

ಯೆಜ್ಡಿಯನ್ನೂ ಹೀಗೇ ಹತ್ತಿಸಿ ಕಟ್ಟಿ, ಹಿಂದಿನ ಚಕ್ರಗಳನ್ನು ಅವನಿಗೇ ಬಿಟ್ಟೆ. ಅವು ಅತ್ತಿತ್ತ ಜಿಗಿಯದಿದ್ದರೆ ಸಾಕು, ನೈಲಾನ್ ಹಗ್ಗವೇ ಧಾರಾಳ. ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕೊಕ್ಕೆಗೆ ಸುತ್ತಿ ತಂದು ಅದರೊಳಗೆ ತೂರಿಸಿ ಎಳೆಯುವ ಲಾರಿಯವರ ಗಂಟು ಅವನ ಕೈಯಲ್ಲಿ ನೀರು ಕುಡಿದಷ್ಟು ಸಲೀಸು. ನನಗೆ ಇವತ್ತಿಗೂ ಅದು ಬರುವುದಿಲ್ಲ. ಮಾವ ಎರಡರ ಪೆಟ್ರೋಲ್ ಟ್ಯಾಪ್ ಮುಚ್ಚಿದರು. ಕುಲುಕಾಟಕ್ಕೆ ಕಾರ್ಬುರೇಟರ್ ತುಂಬಿ ಚೆಲ್ಲುವುದು ಹಳೇ ಗಾಡಿಗಳ ಚಾಳಿ.

ರಾಜಾಜಿನಗರ ದಾಟಿ ಮಾಗಡಿ ರೋಡ್ ಹಿಡಿದೆವು. ಸುಮನಹಳ್ಳಿ ಹತ್ತಿರ ನಿಲ್ಲಿಸಿ ನೋಡಿದರೆ ಬೆಲ್ಟ್‌ಗಳು ಹಾಗೇ ಇವೆ, ಯೆಜ್ಡಿಯ ಹಿಂದಿನ ಹಗ್ಗ ಮಾತ್ರ ಜೋತುಬಿದ್ದಿದೆ. ಅದೊಂದನ್ನು ಸೀಟಿನ ಮೇಲಿಂದ ಹಾಯಿಸಿದ್ದ. ಸ್ಪಂಜು ಕುಸಿದಂತೆಲ್ಲ ಹಗ್ಗ ಸಡಿಲಾಗಿದೆ. ನಾನು ಹೇಳುವ ಮೊದಲೇ ಬಿಚ್ಚಿ, ಶಾಕ್ ಅಬ್ಸಾರ್ಬರ್ ಹತ್ತಿರ ಚಾಸಿಗೆ ಕಟ್ಟಿದ. ನಾಗರಬಾವಿ, ನಾಯಂಡಹಳ್ಳಿ, ಮೈಸೂರು ರಸ್ತೆ: ಮತ್ತೆ ನಿಲ್ಲಿಸಲಿಲ್ಲ.

ಕೆಂಗೇರಿಯಲ್ಲಿ ಬಿಚ್ಚುವಾಗಲೂ ಅವಸರ ಕೂಡದು. ಅದುಮಿಟ್ಟ ಫೋರ್ಕ್ ಒಂದು ಕಡೆ ಬಿಟ್ಟ ಕೂಡಲೇ ಬೈಕನ್ನು ಇನ್ನೊಂದು ಕಡೆಗೆ ಒಗೆಯುತ್ತದೆ. ಡ್ರೈವರ್ ಬೈಕಿನ ಸೀಟಿನ ಮೇಲೆ ಹತ್ತಿ ಕೂತು ಎರಡೂ ಕಾಲು ಊರಿದ. ನಾನು ರ್‍ಯಾಚೆಟ್ ಸಡಿಲಿಸಿದೆ.

ಬಾಡಿಗೆ ಎಣಿಸಿಕೊಳ್ಳುತ್ತ, "ಈ ಬೆಲ್ಟ್ ಎಷ್ಟು ಬಿತ್ತು ಸಾರ್?" ಅಂದ. ಹೇಳಿದೆ. "ನಾಲ್ಕು ತಗೊಂಡ್ರೆ ಅವನು ಕಮ್ಮಿ ಮಾಡ್ತಾನಾ?"

"ಕೇಳಿ ನೋಡು. ಕೊಕ್ಕೆಗೆ ಬಾಯಿ ಮುಚ್ಚೋ ಕ್ಲಿಪ್ ಇರೋದೇ ತಗೋ" ಅಂದೆ.