ಜಾತ್ರೆಯ ತೊಟ್ಟಿಲ ಬಯಲಿನಲ್ಲಿ ಮಕ್ಕಳೊಂದಿಗೆ ಒಂದು ದಿನ

ನಮ್ಮ ಕಡೆಯ ಮಕ್ಕಳಿಗೆ ಮನೋರಂಜನಾ ಉದ್ಯಾನ ಬಹಳ ದೂರದ್ದು. ಶಿರಸಿಯಿಂದ ಬೆಂಗಳೂರಿಗೇ ಸುಮಾರು 400 ಕಿಲೋಮೀಟರ್. ಅಲ್ಲಿಂದ ಮುಂದೆ ಬಿಡದಿಯ ವಂಡರ್‌ಲಾ ತಲುಪುವ ಹೊತ್ತಿಗೆ, ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟ ನಾಲ್ಕು ವರ್ಷದ ಮಗುವಿಗೆ ಆಟಕ್ಕಿಂತ ಮಲಗುವುದೇ ಹೆಚ್ಚು ಬೇಕಾಗಿರುತ್ತದೆ. ಆದರೆ ಎರಡು ವರ್ಷಕ್ಕೊಮ್ಮೆ ಶ್ರೀ ಮಾರಿಕಾಂಬಾ ದೇವಿಯ ಜಾತ್ರೆ ಬಂತೆಂದರೆ, ತೊಟ್ಟಿಲು ಎಂದು ನಾವು ಕರೆಯುವ ಜೈಂಟ್ ವೀಲ್, ಹಡಗಿನಾಕಾರದ ಉಯ್ಯಾಲೆಯಾದ ಕೊಲಂಬಸ್, ಮಕ್ಕಳ ರೈಲು, ಕುದುರೆ ತಿರುಗಣಿ ಎಲ್ಲವೂ ಲಾರಿಗಳ ಮೇಲೇರಿ ಶಿರಸಿಗೇ ಬಂದು ನಿಲ್ಲುತ್ತವೆ. ಈ ತೊಟ್ಟಿಲ ಬಯಲನ್ನು ರಾತ್ರಿಯ ದೀಪಗಳಲ್ಲಿ ನೋಡಬೇಕಾದದ್ದೆಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಚಿಕ್ಕ ಮಕ್ಕಳಿದ್ದವರು ಇದನ್ನು ಹಗಲಿನಲ್ಲಿ, ಮಕ್ಕಳ ಅಳತೆಗೆ ತಕ್ಕಂತೆ ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. 2024ರ ಜಾತ್ರೆಯಲ್ಲಿ ನಾವು ಹಾಗೆಯೇ ಮಾಡಿದೆವು.

ಮೊದಲು ದಿನದ ಆಯ್ಕೆಯ ಕುರಿತು ಹೇಳಬೇಕು. ಜಾತ್ರೆ ಒಟ್ಟು ಒಂಬತ್ತು ದಿನಗಳದ್ದು. ಆ ವರ್ಷ ಮಾರ್ಚ್ 19ರ ಮಂಗಳವಾರ ರಾತ್ರಿ ದೇವಿಯ ಕಲ್ಯಾಣೋತ್ಸವ, ಮರುದಿನ ದೇವಿಯ ಗದ್ದುಗೆಯಿರುವ ಬಿಡಕಿಬೈಲಿಗೆ ರಥೋತ್ಸವ, ಗುರುವಾರದಿಂದ ಗದ್ದುಗೆಯ ಮೇಲೆ ಕುಳಿತ ದೇವಿಗೆ ಸೇವೆ, ಮತ್ತು 27ರ ಬುಧವಾರ ಮುಕ್ತಾಯ. ರಥದ ದಿನದ ಸಂಭ್ರಮ ದೊಡ್ಡವರಿಗೆ ಜನ್ಮವಿಡೀ ನೆನಪಿರುವಂಥದ್ದು, ಆದರೆ ಆ ಜನಸಾಗರದ ನಡುವೆ ಕೈಹಿಡಿದು ನಡೆಯುವ ಮಗುವಿಗೆ ಕಾಣುವುದು ಸುತ್ತಲಿನವರ ಕಾಲುಗಳು ಮಾತ್ರ. ಶುಕ್ರವಾರ ದೇವಿಯ ವಾರವೆಂದು ಜನ ಹೆಚ್ಚು; ಶನಿವಾರ, ಭಾನುವಾರ ಹುಬ್ಬಳ್ಳಿ, ಹಾವೇರಿ ಕಡೆಯಿಂದಲೂ ಘಟ್ಟದ ಕೆಳಗಿನಿಂದಲೂ ಬಸ್ಸುಗಳು ತುಂಬಿ ಬರುತ್ತವೆ. ಆದ್ದರಿಂದ ನಾವು ಸೋಮವಾರವನ್ನು ಆರಿಸಿಕೊಂಡೆವು. ಅತ್ತೆ, ಮಾವನವರು, ನಮ್ಮ ಮನೆಯವರು, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ ಮತ್ತು ನಾನು ಬೆಳಿಗ್ಗೆ ಬೇಗನೆ ಹೊರಟು ದರ್ಶನ ಮತ್ತು ಹಣ್ಣುಕಾಯಿ ಮುಗಿಸಿದೆವು. ಶಿರಸಿಯಲ್ಲೇ ಇರುವ ಚಿಕ್ಕತ್ತೆಯ ಮನೆಯಲ್ಲಿ ಊಟವಾಯಿತು. ಊಟದ ನಂತರ ಮಕ್ಕಳಿಬ್ಬರನ್ನೂ ಕಡ್ಡಾಯವಾಗಿ ಮಲಗಿಸಿದೆ. ಜಾತ್ರೆಯ ದಿನ ಯಾರಾದರೂ ಮಲಗುತ್ತಾರೆಯೇ ಎಂದು ಚಿಕ್ಕತ್ತೆ ಆಕ್ಷೇಪಿಸಿದರೂ, ಸಂಜೆಯವರೆಗೆ ಒಂದು ಹಟವೂ ಇಲ್ಲದೆ ನಡೆದದ್ದಕ್ಕೆ ಆ ಒಂದು ತಾಸಿನ ನಿದ್ದೆಯೇ ಕಾರಣವೆಂದು ಈಗಲೂ ನಂಬಿದ್ದೇನೆ.

ನಾಲ್ಕು ಗಂಟೆಯ ಸುಮಾರಿಗೆ ಬಯಲಿಗೆ ಬಂದಾಗ ಬಿಸಿಲು ಇಳಿಯತೊಡಗಿತ್ತು, ಜನ ಇನ್ನೂ ಬಂದಿರಲಿಲ್ಲ. ರಾತ್ರಿಯ ಬಣ್ಣದ ದೀಪಗಳಲ್ಲಿ ಕಾಣದೆ ಹೋಗುವುದೆಲ್ಲ ಆ ಹೊತ್ತಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ದೊಡ್ಡ ತೊಟ್ಟಿಲಿನ ಕಾಲುಗಳ ಕೆಳಗೆ ದಪ್ಪನೆಯ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಇಟ್ಟು ಮಟ್ಟ ಮಾಡಿದ್ದರು. ಒಬ್ಬ ಹುಡುಗ ಸ್ಪ್ಯಾನರ್ ಹಿಡಿದು ಪ್ರತಿಯೊಂದು ನಟ್ಟನ್ನೂ ಮುಟ್ಟಿ, ತಿರುಗಿಸಿ, ಮುಂದಿನದಕ್ಕೆ ಸಾಗುತ್ತಿದ್ದ. ನಾನು ಮಕ್ಕಳನ್ನು ಅಲ್ಲೇ ನಿಲ್ಲಿಸಿ ಆ ಕೆಲಸವನ್ನು ಪೂರ್ತಿ ತೋರಿಸಿದೆ. ಒಂದು ಯಂತ್ರದಲ್ಲಿ ಕೂರುವ ಮೊದಲು ಅದನ್ನು ನೋಡಿಕೊಳ್ಳುವವರನ್ನು ನೋಡಬೇಕು ಎಂಬುದು ಮಕ್ಕಳಿಗೆ ಈ ವಯಸ್ಸಿನಲ್ಲೇ ತಿಳಿಯಲಿ ಎಂಬುದು ನನ್ನ ಆಸೆ. ಮಾವನವರು ತಾವು ಹುಡುಗರಾಗಿದ್ದಾಗ ಬರುತ್ತಿದ್ದ ಮರದ ತೊಟ್ಟಿಲಿನ ಕಥೆಯನ್ನು ಅಲ್ಲಿಯೇ ಹೇಳಿದರು. ಅದಕ್ಕೆ ನಾಲ್ಕೇ ಪೆಟ್ಟಿಗೆಗಳಿದ್ದವಂತೆ, ಮೋಟರ್ ಇರಲಿಲ್ಲ, ಇಬ್ಬರು ಗಟ್ಟಿ ಆಳುಗಳು ಅಡ್ಡಮರವನ್ನು ಕೈಯಿಂದ ಎಳೆದು ತಿರುಗಿಸುತ್ತಿದ್ದರಂತೆ.

ಇಂಥ ಕೈತೊಟ್ಟಿಲು ಬಹಳ ಹಳೆಯದು. ಅಮೆರಿಕದ ಎಂಜಿನಿಯರ್ ಜಾರ್ಜ್ ಫೆರಿಸ್ ಶಿಕಾಗೋದ ವಿಶ್ವಮೇಳಕ್ಕಾಗಿ 264 ಅಡಿ ಎತ್ತರದ ಉಕ್ಕಿನ ಚಕ್ರ ನಿಲ್ಲಿಸಿದ್ದು 1893ರಲ್ಲಿ. ಅದಕ್ಕಿಂತ ಬಹಳ ಹಿಂದೆಯೇ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಹಬ್ಬದ ದಿನಗಳಲ್ಲಿ ನಿಲ್ಲಿಸಿದ್ದ ದೊಡ್ಡ ಚಕ್ರವೊಂದರಲ್ಲಿ ಸ್ವತಃ ಕುಳಿತು ಸಂತೋಷಪಟ್ಟದ್ದನ್ನು ಬರೆದಿಟ್ಟಿದ್ದಾನೆ. ಇದೇ ದೆಲ್ಲಾ ವಾಲೆ 1623ರಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿಳಿದು, ಗೇರುಸೊಪ್ಪೆಯ ಮೇಲಿನಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದವನು. ತೊಟ್ಟಿಲಿನಲ್ಲಿ ಕುಳಿತು ಆನಂದಿಸಿದ ಆ ಮನುಷ್ಯ ನಮ್ಮ ಶರಾವತಿಯ ದಾರಿಯನ್ನೂ ಕಂಡಿದ್ದ ಎಂದು ಮಗಳಿಗೆ ಹೇಳಿದಾಗ, ಅವನು ಶಿರಸಿ ಜಾತ್ರೆಗೂ ಬಂದಿದ್ದನೇ ಎಂದು ಕೇಳಿದಳು. ನಮ್ಮ ದೇವಾಲಯದ ಸ್ಥಾಪನೆಯಾದದ್ದು 1688ರಲ್ಲಿ, ಅವನು ಬಂದುಹೋದ ಎಷ್ಟೋ ವರ್ಷಗಳ ಮೇಲೆ ಎಂದು ತಿಳಿಸಿದೆ.

ಮಗನ ಲೋಕವಿದ್ದದ್ದು ಬಯಲಿನ ಒಂದು ಮೂಲೆಯಲ್ಲಿ. ವೃತ್ತಾಕಾರದ ಹಳಿಯ ಮೇಲೆ ಓಡುವ ಪುಟ್ಟ ರೈಲು, ಬಣ್ಣ ಬಳಿದ ಕುದುರೆಗಳ ತಿರುಗಣಿ, ತೊಟ್ಟಿಯ ನೀರಿನಲ್ಲಿ ತೇಲುವ ದೋಣಿಗಳು, ಗಾಳಿ ತುಂಬಿದ ಜಾರುಬಂಡಿ, ಇಷ್ಟೇ ಅಲ್ಲಿದ್ದವು. ರೈಲಿನ ಪ್ರತಿ ಡಬ್ಬಿಗೂ ಒಂದು ಕಬ್ಬಿಣದ ಸರಪಳಿ, ಮುಂದಿನ ಡಬ್ಬಿಯಲ್ಲಿ ಒಂದು ಗಂಟೆ. ಆ ಗಂಟೆಯ ದಾರ ಕೈಗೆ ಸಿಕ್ಕಿದ ಮೇಲೆ ಮಗನಿಗೆ ಬೇರೆ ಯಾವ ಆಟವೂ ಬೇಡವಾಯಿತು. ರೈಲು ನಿಂತ ಕೂಡಲೇ ಇಳಿಯದೆ, “ಆಯಿ, ಮತ್ತೊಂದ್ಸಲ ಹೋಪನ” ಎಂದು ನನ್ನ ಮುಖ ನೋಡುತ್ತಿದ್ದ. ಬಂದಿದ್ದೇವೆ, ಎಲ್ಲವನ್ನೂ ಒಂದೊಂದು ಸಲ ಹತ್ತಿಸಿಬಿಡೋಣ ಎಂಬ ಲೆಕ್ಕ ದೊಡ್ಡವರದು. ಮಗುವಿಗೆ ಒಂದೇ ಆಟದ ಒಳಹೊರಗು ಪೂರ್ತಿ ತಿಳಿಯಬೇಕು: ಯಾವ ತಿರುವಿನಲ್ಲಿ ಅಜ್ಜಿ ಕಾಣುತ್ತಾಳೆ, ಎಲ್ಲಿ ಗಂಟೆ ಬಾರಿಸಿದರೆ ಟಿಕೆಟ್ ಕೊಡುವ ಅಣ್ಣ ತಿರುಗಿ ನೋಡುತ್ತಾನೆ, ಯಾವ ಕಡೆ ವಾಲಿದರೆ ಡಬ್ಬಿ ಕಿರ್ರೆನ್ನುತ್ತದೆ. ಅದಕ್ಕಾಗಿ ಅವನನ್ನು ಮತ್ತೆ ಮತ್ತೆ ಅದೇ ರೈಲಿನಲ್ಲಿ ಬಿಟ್ಟೆವು. ಕೊನೆಗೆ ಅವನಾಗಿಯೇ ಇಳಿದು, ತನ್ನ ಹಿಂದೆ ಕಾದು ನಿಂತಿದ್ದ ಇನ್ನೂ ಚಿಕ್ಕ ಹುಡುಗಿಗೆ ಗಂಟೆಯ ದಾರವನ್ನು ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟ.

ಮಗಳ ಕಣ್ಣು ಇದ್ದದ್ದು ಕೊಲಂಬಸ್ ಮೇಲೆ. ಅದರ ವಿಷಯವನ್ನು ನಾನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಮಕ್ಕಳನ್ನು ತೊಡೆಯ ಮೇಲೆ ಅಥವಾ ಪಕ್ಕದಲ್ಲಿ ಇಟ್ಟುಕೊಂಡು ಅದರಲ್ಲಿ ಕೂರುವವರನ್ನು ಪ್ರತಿ ಜಾತ್ರೆಯಲ್ಲಿಯೂ ನೋಡುತ್ತೇವೆ. ಕೊಲಂಬಸ್ ಒಂದು ದೊಡ್ಡ ಲೋಲಕ. ಹಡಗಿನ ಎರಡೂ ತುದಿಗಳಲ್ಲಿ ಕುಳಿತವರು ಅತಿ ಎತ್ತರಕ್ಕೆ ಹೋಗುತ್ತಾರೆ; ಆ ಎತ್ತರದಿಂದ ಮರಳುವ ಕ್ಷಣದಲ್ಲಿ ದೇಹ ಆಸನದಿಂದ ಹಗುರವಾಗಿ ಏಳುತ್ತದೆ, ಹೊಟ್ಟೆಯಲ್ಲಿ ಜುಂ ಎನ್ನುವುದು ಆಗಲೇ. ಆ ಕ್ಷಣದಲ್ಲಿ ನಮ್ಮನ್ನು ಹಿಡಿದಿಡುವುದು ತೊಡೆಯ ಮೇಲಿನ ಕಂಬಿ. ಒಂದೇ ಕಂಬಿ ಇಡೀ ಸಾಲಿಗೆ ಬೀಳುತ್ತದೆ, ಮತ್ತು ಅದು ನಿಲ್ಲುವುದು ಸಾಲಿನಲ್ಲಿ ಎಲ್ಲರಿಗಿಂತ ದಪ್ಪಗಿರುವವರ ತೊಡೆಯ ಮೇಲೆ. ಪಕ್ಕದಲ್ಲಿ ಕುಳಿತ ಮಗುವಿನ ತೊಡೆಗೂ ಕಂಬಿಗೂ ನಡುವೆ ಒಂದು ಗೇಣು ಜಾಗ ಉಳಿದುಬಿಡುತ್ತದೆ. ತಂದೆಯ ತೋಳು ಎಷ್ಟೇ ಗಟ್ಟಿಯಾಗಿದ್ದರೂ ಆ ಜಾಗವನ್ನು ತುಂಬಲಾರದು.

“ಮಧ್ಯದಲ್ಲಿ ಕೂರಿಸಿಕೊಳ್ಳಿ ಅಕ್ಕಾ, ಏನೂ ಆಗುವುದಿಲ್ಲ” ಎಂದು ಟಿಕೆಟ್ ಕೊಡುವ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಮ್ಮ ಮನೆಯವರು ನಿಂತಿದ್ದ ಹಡಗಿನಲ್ಲಿ ಕುಳಿತು, ಮಗಳನ್ನು ಪಕ್ಕದಲ್ಲಿ ಕೂರಿಸಿ, ಕಂಬಿ ಇಳಿಸಿ ನೋಡಿದರು. ಅವಳ ಕಾಲ ಮೇಲೆ ನನ್ನ ಅಂಗೈ ಸಲೀಸಾಗಿ ಒಳಗೆ ಹೋಯಿತು. ಅದನ್ನು ಅವಳಿಗೂ ಮುಟ್ಟಿಸಿ ತೋರಿಸಿದ ಮೇಲೆ ಇಬ್ಬರೂ ಇಳಿದು ಬಂದರು. ಅವಳ ಮುಖ ಸಣ್ಣದಾಯಿತು, ನಿಜ. ಆದರೆ ಅಳಲಿಲ್ಲ, ಏಕೆಂದರೆ ಬೇಡವೆಂದದ್ದು ನಮ್ಮ ಬಾಯಿಮಾತಾಗಿರಲಿಲ್ಲ, ಅವಳ ಕೈಗೇ ಸಿಕ್ಕಿದ ಅಳತೆಯಾಗಿತ್ತು. ದೊಡ್ಡ ಉದ್ಯಾನಗಳಲ್ಲಿ ಪ್ರತಿ ಆಟದ ಬಾಗಿಲಲ್ಲಿ ಎತ್ತರದ ಗುರುತು ಇಟ್ಟಿರುವುದು ಈ ಕಾರಣಕ್ಕೆ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟೂ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆಯೇ ನಿರ್ಧಾರವಾಗುತ್ತದೆ.

ಕೊಲಂಬಸ್‌ಗೆ ಬದಲಾಗಿ ಅವಳು ಅಜ್ಜ ಅಜ್ಜಿಯರೊಂದಿಗೆ ದೊಡ್ಡ ತೊಟ್ಟಿಲು ಹತ್ತಿದಳು. ಅದರ ಬುಟ್ಟಿಗಳಿಗೆ ಸುತ್ತಲೂ ಜಾಲರಿಯಿತ್ತು, ಬಾಗಿಲಿಗೆ ಹೊರಗಿನಿಂದ ಅಗಳಿಯಿತ್ತು. ಜನ ಕಡಿಮೆಯಿದ್ದುದರಿಂದ ತಿರುಗಿಸುವವನೂ ಅವಸರ ಮಾಡಲಿಲ್ಲ. ಒಂದು ಬುಟ್ಟಿ ತುಂಬಿದ ಮೇಲೆ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಎದುರಿನ ಬುಟ್ಟಿಯನ್ನು ತುಂಬುತ್ತಿದ್ದ. ಎರಡೂ ಕಡೆ ಭಾರ ಸಮನಾಗದಿದ್ದರೆ ಮೋಟರ್‌ಗೆ ಕಷ್ಟ, ಚಕ್ರವೂ ಒಂದೇ ವೇಗದಲ್ಲಿ ಓಡುವುದಿಲ್ಲ. ಸುಮ್ಮನೆ ಯಾಕೆ ನಿಲ್ಲಿಸುತ್ತಾರೆ ಎಂದು ಕೆಳಗಿನಿಂದ ಗೊಣಗುವವರಿಗೆ ಇದು ತಿಳಿದಿರುವುದಿಲ್ಲ. ಮೇಲೆ ನಿಂತಾಗ ಮಗಳಿಗೆ ಬಿಡಕಿಬೈಲಿನ ಚಪ್ಪರವೂ, ಊರಿನ ಹೆಂಚಿನ ಮಾಡುಗಳೂ, ಅವುಗಳಾಚೆ ಬೆಟ್ಟದ ಹಸಿರೂ ಒಟ್ಟಿಗೇ ಕಂಡವಂತೆ. ಅತ್ತೆಯವರು ಮೊದಲ ಸುತ್ತಿನಲ್ಲಿ ಕಣ್ಣು ಮುಚ್ಚಿ ದೇವಿಯನ್ನು ನೆನೆದವರು, ನಂತರ ಜಾಲರಿಯ ಬಳಿ ಬಾಗಿ ತಮ್ಮ ತವರಿನ ದಿಕ್ಕು ಯಾವುದೆಂದು ಹುಡುಕತೊಡಗಿದ್ದನ್ನು ನಾನು ಕೆಳಗಿನಿಂದಲೇ ಕಂಡೆ. ಮಕ್ಕಳಿಗೆಂದು ಬಂದ ದಿನದಲ್ಲಿ ಹಿರಿಯರಿಗೂ ಕೂರಲು ಒಂದು ಆಟವಿದ್ದರೆ ಅದರ ಸುಖವೇ ಬೇರೆ. ಹಿರಿಯರನ್ನು ಚೀಲ, ಚಪ್ಪಲಿ ಕಾಯಲು ಕೂರಿಸಿ ಹೋಗುವುದು ನನಗೆ ಎಂದೂ ಸರಿಯೆನಿಸಿಲ್ಲ.

ತಿನ್ನುವುದನ್ನೆಲ್ಲ ಆಟ ಮುಗಿದ ಮೇಲೆ ಇಟ್ಟುಕೊಂಡಿದ್ದೆವು. ತಿರುಗುವ ಆಟ ನಿಂತ ನಂತರವೂ ಒಳಕಿವಿಯಲ್ಲಿರುವ ದ್ರವ ಕೆಲಹೊತ್ತು ಚಲಿಸುತ್ತಲೇ ಇರುತ್ತದೆ. ಕಣ್ಣು ನಿಂತಿದ್ದೇವೆ ಎನ್ನುತ್ತದೆ, ಕಿವಿ ತಿರುಗುತ್ತಿದ್ದೇವೆ ಎನ್ನುತ್ತದೆ. ಈ ಗೊಂದಲವೇ ತಲೆಸುತ್ತು, ವಾಂತಿಗೆ ಕಾರಣ. ಹೊಟ್ಟೆ ತುಂಬ ತಿನ್ನಿಸಿ ತಿರುಗಣಿ ಹತ್ತಿಸುವುದಕ್ಕಿಂತ, ಆಟ ಮುಗಿಸಿ ಸ್ವಲ್ಪ ಕುಳಿತು, ನಂತರ ಐಸ್ ಹಾಕದ ಕಬ್ಬಿನ ಹಾಲು ಕುಡಿಸುವುದು ಮೇಲು. ಬೆಂಡು ಬತ್ತಾಸು ಕಟ್ಟಿಸಿಕೊಂಡೆವು. ಮಗಳಿಗೆ ಬಳೆ, ಮಗನಿಗೆ ಪೀಪಿ.

ಆರೂವರೆಯ ಹೊತ್ತಿಗೆ ಬಯಲಿನ ಸ್ವರೂಪವೇ ಬದಲಾಗುತ್ತದೆ. ದೀಪಗಳು ಹೊತ್ತಿಕೊಳ್ಳುತ್ತವೆ, ಪ್ರತಿ ಆಟದ ಧ್ವನಿವರ್ಧಕವೂ ಪಕ್ಕದ್ದನ್ನು ಮೀರಿಸಲು ಕೂಗುತ್ತದೆ, ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಮಗು ಕೈ ತಪ್ಪುವ ಸಾಧ್ಯತೆ ಹೆಚ್ಚಿರುವುದೂ ಆಗಲೇ. ಬಯಲಿಗೆ ಕಾಲಿಡುವ ಮೊದಲೇ ಇಬ್ಬರ ಮುಂಗೈ ಮೇಲೂ ನಮ್ಮ ಫೋನ್ ನಂಬರನ್ನು ಪೆನ್ನಿನಲ್ಲಿ ಬರೆದಿದ್ದೆ. ಕೈ ತಪ್ಪಿದರೆ ಹುಡುಕುತ್ತಾ ಹೋಗಬಾರದು, ಹತ್ತಿರದ ಟಿಕೆಟ್ ಪೆಟ್ಟಿಗೆಯ ಬಳಿ ನಿಂತು ಬಿಡಬೇಕು ಎಂದು ಹೇಳಿಕೊಟ್ಟಿದ್ದೆ. ಅದರ ಅಗತ್ಯ ಬೀಳಲಿಲ್ಲ. ಜನ ಒಳಬರುತ್ತಿದ್ದ ಹೊತ್ತಿನಲ್ಲಿ ನಾವು ಹೊರಬಿದ್ದೆವು.

ಜಾತ್ರೆಯ ವ್ಯವಸ್ಥೆ ಮಾಡುವವರ ಶ್ರಮ ಎಂಥದ್ದೆಂಬುದು ಊರಿನವರಾದ ನಮಗೆ ಗೊತ್ತು. ಲಕ್ಷಗಟ್ಟಲೆ ಜನರಿಗೆ ನೀರು, ಊಟ, ದರ್ಶನ ಒದಗಿಸುವುದು ಸಣ್ಣ ಮಾತಲ್ಲ. ಆ ಗೌರವವನ್ನು ಇಟ್ಟುಕೊಂಡೇ ಕೆಲವು ಮಾತುಗಳನ್ನು ಕೇಳಿಕೊಳ್ಳುತ್ತೇನೆ. ಪ್ರತಿ ದೊಡ್ಡ ಆಟದ ಬಾಗಿಲಲ್ಲಿ ಒಂದು ಬಣ್ಣದ ಕೋಲು ನೆಟ್ಟು, ಅದಕ್ಕಿಂತ ಗಿಡ್ಡಗಿರುವ ಮಕ್ಕಳನ್ನು ಹತ್ತಿಸುವುದಿಲ್ಲವೆಂಬ ನಿಯಮ ಮಾಡಿದರೆ, ಟಿಕೆಟ್ ಕೊಡುವ ಹುಡುಗರಿಗೂ ತಂದೆತಾಯಂದಿರೊಡನೆ ವಾದಿಸುವ ಕಷ್ಟ ತಪ್ಪುತ್ತದೆ. ಮಕ್ಕಳ ಮೂಲೆಗೆ ಸೋಗೆಯದಾದರೂ ಒಂದು ಚಪ್ಪರ ಬೇಕು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಪುಟ್ಟ ರೈಲಿನ ತಗಡಿನ ಆಸನ ಎಷ್ಟು ಕಾಯುತ್ತದೆಂದರೆ, ನಾನು ಟವೆಲ್ ಹಾಸಿ ಮಗನನ್ನು ಕೂರಿಸಬೇಕಾಯಿತು. ಹಾಲೂಡಿಸುವ ತಾಯಂದಿರಿಗೆ ಮರೆಯಿರುವ ಒಂದು ಕೋಣೆ, ಸಮೀಪದಲ್ಲೇ ಶುಚಿಯಾದ ಶೌಚಾಲಯ, ಕುಡಿಯುವ ನೀರು, ಮತ್ತು ಮಕ್ಕಳ ಆಟಗಳ ಸುತ್ತಲಾದರೂ ಸದ್ದು ತಗ್ಗಿಸಿದ ಧ್ವನಿವರ್ಧಕ, ಇಷ್ಟಾದರೆ ಕೂಸಿದ್ದವರೂ ಧೈರ್ಯವಾಗಿ ಬರುತ್ತಾರೆ.

ಜಾತ್ರೆ ಮುಗಿದು ಯುಗಾದಿಗೆ ದೇವಿ ಮರಳಿ ದೇವಾಲಯದಲ್ಲಿ ಪ್ರತಿಷ್ಠೆಯಾಗುವ ಹೊತ್ತಿಗೆ ಈ ತೊಟ್ಟಿಲುಗಳು ಬೇರೊಂದು ಊರಿನ ಜಾತ್ರೆಯಲ್ಲಿ ನಿಂತಿರುತ್ತವೆ. 2026ರಲ್ಲಿ ಅವು ಮತ್ತೆ ಬಂದಾಗ ಮಗನಿಗೆ ಆರು ವರ್ಷ, ಮಗಳಿಗೆ ಒಂಬತ್ತು. ಹೊನ್ನಾವರದಿಂದ ಅಕ್ಕನ ಮಕ್ಕಳನ್ನೂ ಕರೆಸಿಕೊಳ್ಳುವುದೆಂದು ಮಾತಾಗಿದೆ. ಅವರಲ್ಲಿ ಕಿರಿಯದು ಆಗಿನ್ನೂ ಮೂರು ದಾಟಿರುವುದಿಲ್ಲ, ಆದ್ದರಿಂದ ಕುದುರೆ ತಿರುಗಣಿಯಿಂದಲೇ ಆರಂಭಿಸಬೇಕು. ಕೊಲಂಬಸ್ ಕಂಬಿಯನ್ನು ಇಳಿಸಿ ನೋಡುವ ಪರೀಕ್ಷೆಯನ್ನು ಆಗಲೂ ಮಾಡುತ್ತೇವೆಂದು ಮಗಳಿಗೆ ಮಾತು ಕೊಟ್ಟಿದ್ದೇನೆ.