ಊಟ ಆದ ಮೇಲೆ ತೋಟಕ್ಕೆ

ಶಿರಸಿಯ ಮನೆಗೆ ವಾಪಸ್ ಬಂದು ಇಲ್ಲಿಂದಲೇ ಆಫೀಸ್ ಕೆಲಸ ಮಾಡಲು ಶುರು ಮಾಡಿ ಎರಡು ವರ್ಷ ಆಯಿತು. ಒಳ್ಳೆ ಗಾಳಿ, ಆಯಿ ಮಾಡುವ ತಂಬುಳಿ, ಇನ್ನೇನು ಬೇಕು ಅಂದುಕೊಂಡಿದ್ದೆ. ಆದರೆ ಮಧ್ಯಾಹ್ನ ಮೂರಾಯಿತು ಅಂದರೆ ತಲೆ ಮಂಕು. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ, ಮೀಟಿಂಗ್‌ನಲ್ಲಿ ದಿನಾ ಬಳಸುವ ಶಬ್ದವೇ ಬಾಯಿಗೆ ಬರುತ್ತಿರಲಿಲ್ಲ. 34ಕ್ಕೇ ಮರೆವು ಶುರುವಾಯ್ತಾ ಅಂತ ನಿಜವಾಗಿ ಹೆದರಿದ್ದೆ.

ಅಪ್ಪನಿಗೆ 71. ಊಟ ಆದ ಕೂಡಲೇ ಕವಳಕ್ಕೆ, ಅಂದರೆ ಎಲೆ-ಅಡಿಕೆಗೆ, ಎಲೆ ಕೊಯ್ಯಲು ತೋಟಕ್ಕೆ ಇಳಿಯುತ್ತಾನೆ. ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ ಅಲ್ವಾ, ಹಾಗಾಗಿ ಇಳಿದು, ಬಿದ್ದ ಅಡಿಕೆ ಹೆಕ್ಕಿ, ಮತ್ತೆ ಹತ್ತಿ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ. ನಾನೋ ಕೈ ತೊಳೆದವನೇ ಲ್ಯಾಪ್‌ಟಾಪ್ ಮುಂದೆ. ಅನ್ನ ಉಂಡ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ನಡೆದರೆ ಕಾಲಿನ ಸ್ನಾಯುಗಳು ಅದನ್ನು ಎಳೆದುಕೊಳ್ಳುತ್ತವೆ, ಕೂತರೆ ಅದು ಇಳಿಯಲು ಜಾಸ್ತಿ ಹೊತ್ತು ಬೇಕು. ನನ್ನ ಮಂಕಿಗೆ ಇದೂ ಒಂದು ಕಾರಣ ಅನ್ನಿಸಿ ನಾನೂ ಊಟ ಆದ ಮೇಲೆ ತೋಟಕ್ಕೆ ಇಳಿಯತೊಡಗಿದೆ.

ಇನ್ನೊಂದು ಕಾರಣ, ಸಂಜೆ ಆರರ ಚಾ. ಕುಡಿದ ಕೆಫೀನ್‌ನ ಅರ್ಧ ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು. ದಿನವಿಡೀ ಮಿದುಳಿನಲ್ಲಿ ಸೇರುತ್ತಾ ಹೋಗಿ ನಿದ್ದೆ ತರಿಸುವ ಅಡೆನೊಸಿನ್‌ನ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಹನ್ನೊಂದಕ್ಕೆ ಮಲಗಿದರೂ ನಿದ್ದೆ ಆಳಕ್ಕೆ ಇಳಿಯುತ್ತಿರಲಿಲ್ಲ, ನಾನು ಮಾತ್ರ ಎಂಟು ಗಂಟೆ ಮಲಗಿದ್ದೇನೆ ಅಂತ ಲೆಕ್ಕ ಹಾಕುತ್ತಿದ್ದೆ. ಈಗ ಸಂಜೆಗೆ ಜೀರಿಗೆ, ಕೊತ್ತಂಬರಿ ಕಷಾಯ. ಹದಿನೈದು ದಿನದಲ್ಲೇ ಬೆಳಿಗ್ಗೆ ಏಳುವಾಗಿನ ಭಾರ ಕಡಿಮೆ ಆಯಿತು.

ಮೂರು ಗಂಟೆಯ ಮಂಪರು ಪೂರ್ತಿ ಹೋಗಿಲ್ಲ. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟಕ್ಕೆ ತೋಟ ತಪ್ಪಿದರೆ ಜಗುಲಿಯಲ್ಲೇ ಓಡಾಡುತ್ತೇನೆ.

ಅಪ್ಪನ ನಡಿಗೆಯೇನೋ ಕಲಿಯುವಂಥದ್ದೇ, ಕವಳ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ, ತಂಬಾಕು ಇಲ್ಲದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿಗೇ ಸೇರಿಸಿದೆ. ಅಡಿಕೆಯಿಂದಲೇ ನನ್ನನ್ನು ಓದಿಸಿದ ಮನುಷ್ಯನಿಗೆ ಇದನ್ನು ಹೇಳುವುದು ಕಷ್ಟವಾಯಿತು. ಹೇಳಿದೆ. ತಂಬಾಕು ಬಿಟ್ಟಿದ್ದಾನೆ. ಈಗ ಇಬ್ಬರೂ ಒಟ್ಟಿಗೆ ತೋಟಕ್ಕೆ ಇಳಿಯುತ್ತೇವೆ, ಎಲೆ ಬಳ್ಳಿಯ ಹತ್ತಿರ ಬಂದಾಗ ಅಪ್ಪ ನನ್ನ ಮುಖ ನೋಡುತ್ತಾನೆ. ಮೊನ್ನೆ ಎರಡರ ಬದಲು ಒಂದೇ ಎಲೆ ಕೊಯ್ದ.